ಹನ್ನೆರಡು ತುಂಡಿನ ಬಳೆ

ಎರಡಡಿ ಉದ್ದದ ಒಂದು ಮರದ ಪಟ್ಟಿ. ಅಗಲ 23 ಮಿಲಿಮೀಟರ್, ಎಂದರೆ ಹೆಬ್ಬೆರಳಿಗಿಂತ ತುಸು ಹೆಚ್ಚು. ಮರಗೆಲಸದ ಅಂಗಳದಲ್ಲಿ ಇಂಥದ್ದು ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ. ಇದರಿಂದ 20 ಸೆಂಟಿಮೀಟರ್ ಅಡ್ಡಳತೆಯ ಬಟ್ಟಲಿಗೆ ಒಂದು ಅಂಚು ಕಟ್ಟಬಹುದು ಎಂದರೆ ನಂಬುವುದು ಕಷ್ಟ. ಅದೇ ಅಂಚನ್ನು ಇಡೀ ಹಲಗೆಯಿಂದ ಕೊರೆದು ತೆಗೆಯುವುದಾದರೆ 20 ಸೆಂಟಿಮೀಟರ್ ಚದರದ ಹಲಗೆ ಬೇಕು, ನಡುವಿನದೆಲ್ಲ ಪೋಲು. ಪಟ್ಟಿಯ ದಾರಿಯಲ್ಲಿ ಖರ್ಚಾಗುವ ಮರ ಅದರ ಮೂರನೇ ಒಂದು ಪಾಲು ಮಾತ್ರ, ಗರಗಸ ತಿಂದ ಪುಡಿಯನ್ನೂ ಸೇರಿಸಿ.

ಗುಟ್ಟು ಇರುವುದು ಓರೆಯಾಗಿ ಕೊಯ್ಯುವುದರಲ್ಲಿ. ಪಟ್ಟಿಯನ್ನು ನೇರವಾಗಿ ತುಂಡರಿಸದೆ, ಒಮ್ಮೆ ಎಡಕ್ಕೆ ಓರೆ, ಮತ್ತೊಮ್ಮೆ ಬಲಕ್ಕೆ ಓರೆ ಮಾಡುತ್ತ ಹೋದರೆ ಸಿಗುವ ಒಂದೊಂದು ತುಂಡೂ ಹೊರಗಡೆ ಉದ್ದ, ಒಳಗಡೆ ಗಿಡ್ಡ ಇರುವ ತ್ರಾಪಿಜ್ಯ. ಇಂಥ ಹನ್ನೆರಡನ್ನು ತುದಿಗೆ ತುದಿ ಹಚ್ಚಿ ಅಂಟಿಸಿದರೆ ಹನ್ನೆರಡು ಮೂಲೆಯ ಒಂದು ಬಳೆ. ಬಳೆಯ ಮೇಲೆ ಬಳೆ ಕೂರಿಸಿ, ಲೇತ್‌ಗೆ ಕಚ್ಚಿಸಿ ತಿರುಗಿಸುತ್ತ ಉಳಿ ಹಿಡಿದರೆ ಮೂಲೆಗಳು ಕರಗಿ, ಹೊಟ್ಟೆ ಬಂದು, ಕುತ್ತಿಗೆ ಬಂದು, ಬಟ್ಟಲೋ ಹೂದಾನಿಯೋ ಆಗುತ್ತದೆ. ಬಿಳಿ ಮರ, ಕಂದು ಮರ, ಹಳದಿ ಮರಗಳನ್ನು ಬೆರೆಸಿದ್ದರೆ ಮೈಮೇಲೆ ಚೌಕುಳಿ, ಅಂಕುಡೊಂಕು ಗೆರೆ, ವಜ್ರಾಕಾರದ ಸಾಲುಗಳು ತಾವಾಗಿ ಮೂಡುತ್ತವೆ. ಕುಂಚ ಮುಟ್ಟಬೇಕಾಗಿಲ್ಲ.

ಅಮೆರಿಕದಲ್ಲಿ ಇದಕ್ಕೆ ಸೆಗ್ಮೆಂಟೆಡ್ ಟರ್ನಿಂಗ್ ಎಂದು ಹೆಸರು, ಹವ್ಯಾಸಿಗಳ ದೊಡ್ಡ ಬಳಗವೂ ಇದೆ. ಅಲ್ಲಿನ ರೇ ಆಲನ್ ಎಂಬ ಕುಶಲಿ ನೈರುತ್ಯ ಅಮೆರಿಕದ ಮೂಲನಿವಾಸಿಗಳ ಮಣ್ಣಿನ ಮಡಕೆಗಳ ಚಿತ್ತಾರವನ್ನು ಮರದ ತುಂಡುಗಳಲ್ಲಿ ಕಟ್ಟಿ ಹೆಸರು ಮಾಡಿದರು. ಮಾಲ್ಕಮ್ ಟಿಬೆಟ್ಸ್ 2004ರಲ್ಲಿ ಈ ವಿದ್ಯೆಗೆ ಒಂದು ಕೈಪಿಡಿಯನ್ನೇ ಬರೆದರು. ಆದರೆ ಈ ಕೆಲಸದ ಕಷ್ಟಸುಖವನ್ನು ಅರಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ನೆರೆಯ ಆಂಧ್ರದ ಎರಡು ಊರುಗಳ ಆಸುಪಾಸಿನಲ್ಲಿ ಇದರ ಎರಡು ಅರ್ಧಗಳು ಬೇರೆ ಬೇರೆಯಾಗಿ ನಡೆದುಬಂದಿವೆ. ವಿಶಾಖಪಟ್ಟಣದ ಬದಿಯಲ್ಲಿ ಕಡೆಯುವವರಿದ್ದಾರೆ. ವಿಜಯವಾಡದ ಬದಿಯಲ್ಲಿ ಜೋಡಿಸುವವರಿದ್ದಾರೆ.

ವಿಶಾಖಪಟ್ಟಣದಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ, ವರಾಹ ನದಿಯ ದಂಡೆಯ ಮೇಲೆ ಏಟಿಕೊಪ್ಪಾಕ ಎಂಬ ಹಳ್ಳಿ. 2022ರಲ್ಲಿ ಜಿಲ್ಲೆಗಳನ್ನು ಒಡೆದ ಮೇಲೆ ಅದು ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಅಲ್ಲಿನವರು ಅಂಕುಡು ಕರ್ರ ಎಂದು ಕರೆಯುವ ಮರವೇ ನಮ್ಮ ಚನ್ನಪಟ್ಟಣದ ಆಲೆ ಮರ. ಗಿಡಮೂಲಿಕೆ ಬಲ್ಲವರಿಗೆ ಬೆಪ್ಪಾಲೆ. ಬೆಳ್ಳಗೆ, ಮೆತ್ತಗೆ, ಎಳೆ ಎದ್ದು ಕಾಣದ ಮರ. ಉಳಿ ಹಿಡಿದರೆ ಬೆಣ್ಣೆಯಂತೆ ಬಿಡಿಸಿಕೊಳ್ಳುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೇದಗೆ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಬುಗುರಿ, ಕುಂಕುಮದ ಭರಣಿ, ಹೆಣ್ಣುಮಕ್ಕಳ ಆಟದ ಪುಟ್ಟ ಅಡುಗೆ ಪಾತ್ರೆಗಳ ಲಕ್ಕ ಪಿಡತಲು ಇಲ್ಲಿನ ಹಳೆಯ ಸರಕು. ಸಿ. ವಿ. ರಾಜು ಅವರು ರಾಸಾಯನಿಕ ಬಣ್ಣ ಬಿಡಿಸಿ ಅರಿಶಿನ, ನೀಲಿ, ರಂಗುಮಾಲೆ ಬೀಜಗಳಂಥ ಗಿಡಮೂಲದ ಬಣ್ಣಗಳನ್ನು ಮತ್ತೆ ಅರಗಿಗೆ ಕೂಡಿಸಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಆಟಿಕೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2017ರಲ್ಲಿ. 2020ರ ಆಗಸ್ಟ್ 30ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಏಟಿಕೊಪ್ಪಾಕದ ಜೊತೆಗೆ ಕೊಂಡಪಲ್ಲಿ, ಚನ್ನಪಟ್ಟಣಗಳನ್ನೂ ಹೆಸರಿಸಿದ್ದು ಆಕಾಶವಾಣಿಯ ಕೇಳುಗರಲ್ಲಿ ಕೆಲವರಿಗಾದರೂ ನೆನಪಿರಬಹುದು.

ವಿಜಯವಾಡದಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಕೋಟೆಯ ಬುಡದಲ್ಲಿ ಕೊಂಡಪಲ್ಲಿ. ಇಲ್ಲಿನ ಮರ ತೆಲ್ಲ ಪೊಣಿಕಿ, ಬೆಂಡಿನಷ್ಟು ಹಗುರ. ಇಲ್ಲಿ ಲೇತ್‌ಗೆ ಹೆಚ್ಚು ಕೆಲಸವಿಲ್ಲ. ತಾಳೆಮರ ಹತ್ತುವ ಕಳ್ಳಿಳಿಸುವವ, ಅಂಬಾರಿ ಆನೆ, ದಶಾವತಾರ: ಎಲ್ಲಕ್ಕೂ ಕೈ ಬೇರೆ, ಕಾಲು ಬೇರೆ, ತಲೆ ಬೇರೆ ಕೆತ್ತಿ ಆಮೇಲೆ ಕೂಡಿಸುವ ಪದ್ಧತಿ. ಕೂಡಿಸುವುದು ಮಕ್ಕು ಎಂಬ ಅಂಟಿನಿಂದ. ಹುಣಸೆಬೀಜದ ಪುಡಿ ಮತ್ತು ಮರದ ಹೊಟ್ಟು ಕಲಸಿದ್ದು. ಮಕ್ಕು ಅಂಟೂ ಹೌದು, ಸಂದು ತುಂಬುವ ಗಾರೆಯೂ ಹೌದು. ಅದು ಒಣಗಿದ ಮೇಲೆ ಸುಣ್ಣದ ಲೇಪ, ಅದರ ಮೇಲೆ ಬಣ್ಣ.

ಎರಡು ಊರಿನ ಪದ್ಧತಿಗೂ ಒಂದು ಸಮಾನ ಅನುಕೂಲವಿದೆ. ಎರಡರಲ್ಲೂ ಮರ ಕೊನೆಗೆ ಕಾಣಿಸುವುದಿಲ್ಲ. ಏಟಿಕೊಪ್ಪಾಕದಲ್ಲಿ ಅರಗು ಮುಚ್ಚುತ್ತದೆ, ಕೊಂಡಪಲ್ಲಿಯಲ್ಲಿ ಸುಣ್ಣ ಮುಚ್ಚುತ್ತದೆ. ತೋಳು ಹೆಗಲಿಗೆ ಕೂರುವಲ್ಲಿ ಒಂದು ಅಕ್ಕಿಕಾಳಿನಷ್ಟು ಸಂದು ಬಿಟ್ಟಿದ್ದರೂ ಮಕ್ಕು ಅದನ್ನು ನುಂಗಿಕೊಳ್ಳುತ್ತದೆ, ಗೊಂಬೆ ಕೂರಿಸುವ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಹನ್ನೆರಡು ತುಂಡಿನ ಬಳೆಗೆ ಈ ರಿಯಾಯಿತಿ ಇಲ್ಲ. ಅದರ ಚೆಲುವೆಲ್ಲ ಬರಿಮೈಯ ಮರದ್ದು. ಬಿಳಿಯ ಆಲೆಗೂ ಕಂದು ಬೀಟೆಗೂ ನಡುವೆ ಕೂದಲೆಳೆಯಷ್ಟು ಬಿರುಕಿದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಹೊಟ್ಟು ತುಂಬಿದರೆ ಅದು ಕಪ್ಪು ಗೆರೆಯಾಗಿ ಇನ್ನಷ್ಟು ಕೂಗುತ್ತದೆ.

ಇನ್ನೊಂದು ಅಡ್ಡಿ ಮನಸ್ಸಿನದು. ವಿಶಾಖಪಟ್ಟಣದ ಮೇಲ್ಗಡೆಯ ವಿಜಯನಗರಂ ಜಿಲ್ಲೆಯ ಬೊಬ್ಬಿಲಿಯಲ್ಲಿ ಒಂದೇ ಹಲಸಿನ ದಿಮ್ಮಿಯಿಂದ ಕೊಡ, ದಂಡಿ ಎಲ್ಲವನ್ನೂ ಕಡೆದು ತೆಗೆದ ಏಕಾಂಡಿ ವೀಣೆಗೆ ದೊಡ್ಡ ಮರ್ಯಾದೆ. ತುಂಡು ಜೋಡಿಸಿದ ವೀಣೆ ಅದರ ಮುಂದೆ ಎರಡನೆಯದು. ವೀಣೆಯ ಮಟ್ಟಿಗೆ ಇದಕ್ಕೆ ನಾದದ ಕಾರಣ ಕೊಡುತ್ತಾರೆ. ಬಟ್ಟಲಿಗೆ ನಾದ ಬೇಕಿಲ್ಲ. ಆದರೂ ಕೂಡಿಸಿದ್ದು ಕಡಿಮೆಯದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ದೊಡ್ಡ ದಿಮ್ಮಿ ಸುಲಭವಾಗಿ ಸಿಗುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಆಲೆ ಸಣ್ಣ ಮರ, ಕೊಂಬೆಗಳೇ ಕಚ್ಚಾ ಸರಕು. ಬೀಟೆಯ ಅಂತಾರಾಷ್ಟ್ರೀಯ ವಹಿವಾಟಿಗೆ 2017ರಿಂದ ಕಟ್ಟುಪಾಡಿದೆ. ಕೊಂಬೆಯಿಂದ ಬುಗುರಿ ಬರುತ್ತದೆ, ಹಣ್ಣಿಡುವ ತಟ್ಟೆ ಬರುವುದಿಲ್ಲ. ತಟ್ಟೆ ಬೇಕಾದರೆ ತುಂಡು ಕೂಡಿಸಲೇಬೇಕು.

ಈಗ ಲೆಕ್ಕಕ್ಕೆ ಬರೋಣ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಆದ್ದರಿಂದ ಕೇಳುಗರು ಗಡಿಯಾರದ ಮುಖವನ್ನು ನೆನೆಸಿಕೊಂಡರೆ ಸಾಕು. ಸುತ್ತ 360 ಡಿಗ್ರಿ. ಹನ್ನೆರಡರಿಂದ ಭಾಗಿಸಿದರೆ ಗಂಟೆಗೊಂದರಂತೆ 30. ಒಂದೊಂದು ತುಂಡಿಗೂ ಎರಡು ತುದಿ. ಹಾಗಾಗಿ ತುದಿಗೆ 15 ಡಿಗ್ರಿ ಓರೆ. ಬಳೆಯ ಅಡ್ಡಳತೆ 200 ಮಿಲಿಮೀಟರ್ ಬೇಕಿದ್ದರೆ ತುಂಡಿನ ಹೊರ ಅಂಚು 53.6 ಮಿಲಿಮೀಟರ್ ಇರಬೇಕು. ಗೋಡೆ 20 ಮಿಲಿಮೀಟರ್ ದಪ್ಪ ಉಳಿಯಬೇಕಾದರೆ ಪಟ್ಟಿಯ ಅಗಲ 20 ಸಾಲದು, 23 ಬೇಕು. ಒಳಗಿನ ಮೂಲೆಗಳನ್ನು ಗುಂಡಾಗಿಸುವಾಗ ಆ ಮೂರು ಹೋಗುತ್ತದೆ. ಇಲ್ಲಿಯವರೆಗೆ ಶಾಲೆಯ ಹುಡುಗರೂ ಮಾಡುವ ಲೆಕ್ಕ.

ಕಷ್ಟ ಶುರುವಾಗುವುದು ತಪ್ಪಿನ ಲೆಕ್ಕದಲ್ಲಿ. ಗರಗಸ 15ರ ಬದಲು 14.9 ಡಿಗ್ರಿಗೆ ನಿಂತಿತು ಎನ್ನಿ. ಹತ್ತರಲ್ಲೊಂದು ಡಿಗ್ರಿ ವ್ಯತ್ಯಾಸ 23 ಮಿಲಿಮೀಟರ್ ಅಗಲದ ಪಟ್ಟಿಯ ಮೇಲೆ ಬರುವುದು 0.04 ಮಿಲಿಮೀಟರ್, ಬರೆಯುವ ಕಾಗದದ ಅರ್ಧ ದಪ್ಪವೂ ಇಲ್ಲ. ಯಾವ ಬಡಗಿಯ ಕಣ್ಣಿಗೂ ಅದು ಬೀಳದು. ಆದರೆ ಬಳೆಗೆ ಇಂಥ ತುದಿಗಳು ಇಪ್ಪತ್ತನಾಲ್ಕು. ಎಲ್ಲವೂ ಒಂದೇ ಕಡೆಗೆ ತಪ್ಪಿರುವುದರಿಂದ ತಪ್ಪುಗಳು ಒಂದನ್ನೊಂದು ತೊಡೆಯುವುದಿಲ್ಲ, ಕೂಡಿಕೊಳ್ಳುತ್ತವೆ. ಒಟ್ಟು 2.4 ಡಿಗ್ರಿ. ಹನ್ನೊಂದು ತುಂಡು ಚೆನ್ನಾಗಿ ಕೂತು, ಹನ್ನೆರಡನೆಯದನ್ನು ಇಟ್ಟಾಗ ಹೊರ ಅಂಚಿನಲ್ಲಿ ನಾಲ್ಕು ಮಿಲಿಮೀಟರಿನ ಬಾಯಿ. ಬೆಳಗಿನಿಂದ ಮಾಡಿದ ಕೆಲಸ ಆ ಬಾಯಲ್ಲಿ ಹೋಗುತ್ತದೆ.

ನಮ್ಮ ಹಳ್ಳಿಗಳ ಎತ್ತಿನಗಾಡಿಯ ಚಕ್ರವೂ ಇಂಥ ತುಂಡುಗಳ ಬಳೆಯೇ ತಾನೆ, ಅದನ್ನು ಮಾಡಿದ ಆಚಾರಿ ಡಿಗ್ರಿ ಎಣಿಸಿದ್ದನೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಕ್ರಕ್ಕೆ ಬಿಸಿ ಕಬ್ಬಿಣದ ಪಟ್ಟಿಯ ಆಸರೆ ಇತ್ತು. ಕೆಂಪಗೆ ಕಾದ ಪಟ್ಟಿಯನ್ನು ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಆರೂ ತುಂಡುಗಳನ್ನು, ಅರೆಕಾಲುಗಳನ್ನು ಒಟ್ಟಿಗೆ ಹಿಂಡುತ್ತದೆ. ಬಲ್ಲವರು ತುಂಡುಗಳ ನಡುವೆ ಬೇಕೆಂದೇ ಕೊಂಚ ಸಂದು ಬಿಡುತ್ತಿದ್ದರು, ಪಟ್ಟಿಗೆ ಹಿಂಡಲು ಜಾಗವಿರಲಿ ಎಂದು. ಬಟ್ಟಲಿಗೆ ಕಬ್ಬಿಣದ ಪಟ್ಟಿ ಇಲ್ಲ. ಅಂಟು ಒಣಗುವವರೆಗೆ ಬಿಗಿಯುವ ಸೈಕಲ್ ಟ್ಯೂಬಿನ ಪಟ್ಟಿಯೋ ಲೋಹದ ಬಿಗಿಪಟ್ಟಿಯೋ ಸಂದನ್ನು ಬಲವಂತವಾಗಿ ಮುಚ್ಚಬಹುದು. ಆದರೆ ಹಾಗೆ ಮುಚ್ಚಿದ ಕೀಲಿನಲ್ಲಿ ಬಿಗಿತ ಅಡಗಿ ಕೂತಿರುತ್ತದೆ. ಲೇತ್ ಮೇಲೆ ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಅದು ಬಿಟ್ಟುಕೊಂಡರೆ ತುಂಡು ಹಾರುವುದು ಕಡೆಯುವವನ ಮುಖಕ್ಕೆ. ಮುಖಕ್ಕೆ ಪೂರ್ತಿ ಮರೆ ಹಾಕಿಕೊಳ್ಳದೆ ಈ ಕೆಲಸಕ್ಕೆ ನಿಲ್ಲಕೂಡದು.

ಹಾಗಿದ್ದರೆ ಹತ್ತರಲ್ಲೊಂದು ಡಿಗ್ರಿಗಿಂತ ನಿಖರವಾಗಿ ಕೋನ ಅಳೆಯುವುದು ಹೇಗೆ? ಅಂಗಡಿಯವರು ಡಿಜಿಟಲ್ ಮಾಪಕ ತೋರಿಸುತ್ತಾರೆ. ಕೆಲವರು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತಾರೆ, ಬಳೆ ಆಗಲೂ ಕೂಡುವುದಿಲ್ಲ. ಏಕೆಂದರೆ ಮಾಪಕ ಸರಿಯಿದ್ದರೂ ಗರಗಸದ ಅಲಗು, ಮೇಜಿನ ತೋಡು, ಪಟ್ಟಿಯ ಅಂಚು ಈ ಮೂರರಲ್ಲಿ ಒಂದು ಅಷ್ಟಿಷ್ಟು ಅಲುಗುತ್ತದೆ. ಪಳಗಿದವರು ಹಿಡಿದ ದಾರಿ ಬೇರೆ. ಅವರು ಕೋನವನ್ನು ಅಳೆಯಲು ಹೋಗುವುದಿಲ್ಲ. ತಪ್ಪು ತಾನೇ ಅಳಿದುಹೋಗುವಂತೆ ಕೊಯ್ಯುವ ಕ್ರಮವನ್ನೇ ಕಟ್ಟುತ್ತಾರೆ.

ಅಮೆರಿಕದ ಜೆರ್ರಿ ಬೆನೆಟ್ ಜನಪ್ರಿಯಗೊಳಿಸಿದ ಬೆಣೆಯ ಜಾರುಹಲಗೆ ಇಂಥದ್ದು. ಟೇಬಲ್ ಗರಗಸದ ಮೇಲೆ ಹಿಂದೆ ಮುಂದೆ ಜಾರುವ ಒಂದು ಹಲಗೆ. ಅದರ ಮೇಲೆ ಅಲಗಿನ ಒಂದೇ ಬದಿಗೆ ಎರಡು ಓರೆ ಒರಗುಪಟ್ಟಿಗಳು. ಎರಡೂ ಪಟ್ಟಿಗಳ ನಡುವೆ 30 ಡಿಗ್ರಿಯ ಒಂದು ಬೆಣೆ ಇಟ್ಟು, ಎರಡೂ ಬೆಣೆಗೆ ಒತ್ತಿ ಕೂರುವಂತೆ ಬಿಗಿದು, ಬೆಣೆಯನ್ನು ತೆಗೆದುಬಿಡುತ್ತಾರೆ. ಮರದ ಪಟ್ಟಿಯನ್ನು ಒಮ್ಮೆ ಈ ಒರಗಿಗೆ, ಮತ್ತೊಮ್ಮೆ ಆ ಒರಗಿಗೆ ಹಚ್ಚಿ ಕೊಯ್ಯುತ್ತ ಹೋಗುವುದು. ತುಂಡಿನ ಒಂದು ತುದಿ ಮೊದಲ ಒರಗಿನದು, ಇನ್ನೊಂದು ತುದಿ ಎರಡನೆಯದರದು. ಒರಗುಗಳ ಓರೆ ಅಲಗಿನ ಅಡ್ಡಗೆರೆಯಿಂದ 15 ಮತ್ತು 15 ಆಗಿಲ್ಲದೆ 14 ಮತ್ತು 16 ಆಗಿದ್ದರೂ ಎರಡೂ ಸೇರಿದರೆ 30. ತುಂಡು ಕೊಂಚ ಕುಂಟಾಗಿ ಕಾಣಬಹುದು, ಬಳೆ ಮಾತ್ರ ಕೂಡುತ್ತದೆ. ಅಲಗು ಎತ್ತ ನೋಡುತ್ತಿದೆ ಎಂಬ ಚಿಂತೆಯೇ ಬೇಡ. ಒಂದೇ ಒರಗಿಟ್ಟು ಪಟ್ಟಿಯನ್ನು ಮಗುಚಿ ಮಗುಚಿ ಕೊಯ್ಯುವ ಹಳೆಯ ಕ್ರಮದಲ್ಲಿ ಒರಗಿನ ತಪ್ಪು ಪ್ರತಿ ತುಂಡಿನಲ್ಲೂ ಎರಡರಷ್ಟಾಗುತ್ತದೆ. ಪಟ್ಟಿಯ ಎರಡು ಅಂಚು ಸಮಾಂತರವಾಗಿಲ್ಲದಿದ್ದರೆ ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ.

ಈಗ ನಿಖರವಾಗಿರಬೇಕಾದದ್ದು ಆ ಬೆಣೆ ಒಂದೇ. ಅದು ಸಿಗುವುದು ಎಲ್ಲಿ? ಮನೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ! ಎರಡು ಮೂಲೆಮಟ್ಟಗಳಿರುತ್ತವಲ್ಲ, ಅವುಗಳಲ್ಲಿ ಒಂದರ ಚೂಪು ಮೂಲೆ 30 ಡಿಗ್ರಿ: ಹನ್ನೆರಡು ತುಂಡಿಗೆ ಅದೇ ಬೆಣೆ. ಅದರದೇ 60ರ ಮೂಲೆ ಆರು ತುಂಡಿಗೆ. ಇನ್ನೊಂದರ 45ರ ಮೂಲೆ ಎಂಟು ತುಂಡಿಗೆ. 45ರ ಮೇಲೆ 30ನ್ನು ಹೊಂದಿಸಿಟ್ಟರೆ ಉಳಿಯುವ 15 ಇಪ್ಪತ್ತನಾಲ್ಕು ತುಂಡಿಗೆ. ಪ್ಲಾಸ್ಟಿಕ್ಕಿನದು ಆಡುವುದಕ್ಕೆ ಸಾಕು, ನೆಚ್ಚಿಕೊಳ್ಳುವುದಕ್ಕೆ ಉಕ್ಕಿನದು ಒಳ್ಳೆಯದು. ಹದಿನೆಂಟು ತುಂಡಿಗೆ ಬೇಕಾದ 20 ಡಿಗ್ರಿ ಪೆಟ್ಟಿಗೆಯಲ್ಲಿಲ್ಲ. ಅಲ್ಲಿ ಅಳತೆಪಟ್ಟಿಯ ಸಹಾಯ ಬೇಕು.

ಕೋನವನ್ನು ಉದ್ದಗಳಿಂದ ಕಟ್ಟುವ ವಿದ್ಯೆ ಅದು. 600 ಮಿಲಿಮೀಟರಿನ ಎರಡು ಭುಜ, 310.6 ಮಿಲಿಮೀಟರಿನ ಪಾದ ಇರುವ ತ್ರಿಕೋನ ಎಳೆದರೆ ತುದಿಯ ಕೋನ 30 ಡಿಗ್ರಿ. ಪಾದದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಕೋನದಲ್ಲಿ ತಪ್ಪುವುದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ. ಇಡೀ ಬಳೆಗೆ ಹೊರ ಅಂಚಿನಲ್ಲಿ ಒಂದು ಮಿಲಿಮೀಟರ್. ಅಂಗೈಯಗಲದ ಕೋನಮಾಪಕದಲ್ಲಿ ಇಷ್ಟು ಸಾಧಿಸುವುದು ಆಗದ ಮಾತು. ತ್ರಿಕೋನ ದೊಡ್ಡದಾದಷ್ಟೂ ಕೈತಪ್ಪು ಸಣ್ಣದಾಗುತ್ತದೆ. ಹಗ್ಗ ಹಿಡಿದು ಯಜ್ಞವೇದಿ ಅಳೆಯುತ್ತಿದ್ದ ಶುಲ್ಬಕಾರರು ಹೋದದ್ದೂ ಇದೇ ದಾರಿ. ಬೌಧಾಯನ, ಆಪಸ್ತಂಬರ ಶುಲ್ಬಸೂತ್ರಗಳಲ್ಲಿ ಡಿಗ್ರಿಯ ಮಾತಿಲ್ಲ, ಎಲ್ಲವೂ ಉದ್ದಗಳೇ.

ಆ ಸೂತ್ರಗಳಿಂದ ಬಟ್ಟಲು ಕಟ್ಟುವವರು ಇನ್ನೊಂದನ್ನೂ ಕಲಿಯಬಹುದು. ಹದ್ದಿನಾಕಾರದ ಶ್ಯೇನಚಿತಿಗೆ ಐದು ಪದರ, ಪದರಕ್ಕೆ 200ರಂತೆ ಸಾವಿರ ಇಟ್ಟಿಗೆ. ಓರೆ ಇಟ್ಟಿಗೆ, ಮುಮ್ಮೂಲೆ ಇಟ್ಟಿಗೆಗಳೂ ಅದರಲ್ಲಿವೆ. ಒಂದು ಪದರದ ಸಂದಿನ ಮೇಲೆ ಮುಂದಿನ ಪದರದ ಸಂದು ಬರಕೂಡದು ಎಂಬುದು ಅಲ್ಲಿನ ಕಟ್ಟಳೆ. ಮರದ ಬಳೆಗಳಿಗೂ ಕಟ್ಟಳೆ ಅದೇ. ಕೆಳಗಿನ ಬಳೆಯ ಕೀಲಿನ ಮೇಲೆ ಮೇಲಿನ ತುಂಡಿನ ನಡು ಕೂರಬೇಕು. ತುದಿಗೆ ತುದಿ ಅಂಟಿಸಿದ ಕೀಲು ತಾನಾಗಿ ಬಲಹೀನ, ಮರದ ರಂಧ್ರಗಳು ಅಂಟನ್ನು ಕುಡಿದುಬಿಡುತ್ತವೆ. ಮೇಲಿನ ಮತ್ತು ಕೆಳಗಿನ ಬಳೆಗಳ ಅಗಲವಾದ ಮೈಗಳೇ ಅದನ್ನು ಹಿಡಿದಿಡುವುದು.

ಎರಕದ ಕಾರ್ಖಾನೆಗಳಿರುವ ಊರುಗಳಲ್ಲಿ ಈ ಕಟ್ಟಳೆ ಬಲ್ಲ ಇನ್ನೊಂದು ಪಂಗಡವಿದೆ, ಪ್ಯಾಟರ್ನ್ ಮಾಡುವವರದು. ಹಲ್ಲುಚಕ್ರ, ರಾಟೆ, ಪಂಪಿನ ಹೊಟ್ಟೆ ಎರಕ ಹೊಯ್ಯಲು ಮೊದಲು ಮರದ ಮಾದರಿ ಬೇಕು. ದೊಡ್ಡ ಗುಂಡು ಮಾದರಿಯನ್ನು ಒಂದೇ ಹಲಗೆಯಲ್ಲಿ ಮಾಡಿದರೆ ಮಳೆಗಾಲಕ್ಕೆ ಅದು ಅಂಡಾಕಾರವಾಗುತ್ತದೆ. ಆದ್ದರಿಂದ ತುಂಡು ಜೋಡಿಸಿದ ಬಳೆಗಳನ್ನು ಪೇರಿಸಿ ಲೇತ್‌ನಲ್ಲಿ ಕಡೆಯುವ ವಿಧಾನ ಅವರಲ್ಲಿ ಬಹಳ ಹಳೆಯದು. ಬೀಡುಕಬ್ಬಿಣ ಆರುವಾಗ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ, ಉಕ್ಕು ಸುಮಾರು ಅದರ ಎರಡರಷ್ಟು. ಅಷ್ಟನ್ನು ಮಾದರಿಯಲ್ಲಿ ಮೊದಲೇ ಕೂಡಿಸಿಡುವ ಈ ಜನರಿಗೆ 0.04 ಮಿಲಿಮೀಟರಿನ ಮಾತು ಅತಿಶಯವೆನಿಸದು. ಇಂದಿನ ಅಲಂಕಾರದ ಬಟ್ಟಲುಗಳ ಹಿರಿಯಣ್ಣ ಈ ಮಸಿ ಹಿಡಿದ ಮಾದರಿಗಳೇ, ಅವಕ್ಕೆ ಯಾರೂ ಪ್ರದರ್ಶನ ಏರ್ಪಡಿಸಲಿಲ್ಲ ಅಷ್ಟೆ.

ಕೋನ ಸರಿಹೋದರೆ ಉಳಿಯುವುದು ಉದ್ದ. ಹನ್ನೆರಡೂ ತುಂಡು ಒಂದೇ ಉದ್ದವಿರಬೇಕು, ಇಲ್ಲವಾದರೆ ಮೇಲಿನ ಬಳೆಯ ಚಿತ್ತಾರ ಕೆಳಗಿನದರ ಮೇಲೆ ಕೂರದೆ ಸರಿಯುತ್ತದೆ. ಇದಕ್ಕೆ ತಡೆಗಟ್ಟೆ ಇದೆ: ಅಲಗಿನಿಂದ ಬೇಕಾದ ದೂರದಲ್ಲಿ ಬಿಗಿದ ಒಂದು ಮರದ ತುಂಡು. ಅದರ ಕೆಳಮೂಲೆಯನ್ನು ಕೊಂಚ ಹೆರೆದಿಡಬೇಕು. ಹೆರೆಯದಿದ್ದರೆ ಗರಗಸದ ಹೊಟ್ಟು ಅಲ್ಲಿ ಸೇರಿಕೊಂಡು ಎಂಟನೆಯ ತುಂಡಿನ ಹೊತ್ತಿಗೆ ಉದ್ದ ಬದಲಾಗಿರುತ್ತದೆ. ಹಲ್ಲು ಹೆಚ್ಚಿರುವ ಅಲಗು, 250 ಮಿಲಿಮೀಟರಿನದಾದರೆ 80 ಹಲ್ಲಿನದು, ತುದಿಯನ್ನು ನಯವಾಗಿ ಬಿಡುತ್ತದೆ. ಕೊಯ್ದ ತುಂಡು ಅಲಗಿನ ಪಕ್ಕದಲ್ಲೇ ಬಿದ್ದಿರುತ್ತದೆ; ಬೆರಳಿನಿಂದ ತೆಗೆಯಲು ಹೋಗದೆ, ಅಲಗು ಪೂರ್ತಿ ನಿಂತ ಮೇಲೆ ತೆಗೆಯಬೇಕು ಅಥವಾ ರಬ್ಬರ್ ತುದಿಯ ಪೆನ್ಸಿಲಿನಿಂದ ದೂಡಬೇಕು. ಐದು ಸೆಂಟಿಮೀಟರಿನ ತುಂಡಿಗಾಗಿ ಬೆರಳು ಕಳೆದುಕೊಂಡವರ ಕಥೆ ಗರಗಸವಿರುವ ಊರುಗಳಲ್ಲೆಲ್ಲ ಕೇಳಸಿಗುತ್ತದೆ.

ಅಂಟು ಹಚ್ಚುವ ಮೊದಲು ಒಣಕಲಾಗಿಯೇ ಬಳೆ ಜೋಡಿಸಿ, ಬೆಳಕಿಗೆ ಹಿಡಿದು ನೋಡಬೇಕು. ಬೆಳಕು ಹೊರಗಡೆಯ ಸಂದಿನಲ್ಲಿ ಇಣುಕಿದರೆ ಕೋನ ಕಡಿಮೆಯಾಗಿದೆ. ಒಳಗಡೆಯ ಸಂದಿನಲ್ಲಿ ಇಣುಕಿದರೆ ಹೆಚ್ಚಾಗಿದೆ. ಹನ್ನೆರಡು ತುಂಡು ಸೇರಿ ತಪ್ಪನ್ನು ಇಪ್ಪತ್ತನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವುದರಿಂದ ಯಾವ ಅಂಗಡಿಯ ಮಾಪಕಕ್ಕಿಂತಲೂ ಈ ಒಣ ಬಳೆ ಸೂಕ್ಷ್ಮ. ಒರಗುಪಟ್ಟಿಯ ಒಂದು ಕೊನೆಗೆ ಒಂದು ಸುತ್ತು ಕಾಗದ ಅಂಟಿಸಿ ಮತ್ತೆ ಕೊಯ್ದು ನೋಡುವಷ್ಟರ ಮಟ್ಟಿಗೆ ಇದರಲ್ಲಿ ತಿದ್ದಿಕೊಳ್ಳಬಹುದು.

ಅಷ್ಟರ ಮೇಲೂ ಉಳಿದ ತಪ್ಪಿಗೆ ಅರ್ಧಬಳೆಯ ಉಪಾಯವಿದೆ. ಆರು ತುಂಡನ್ನು ಒಂದು ಅರ್ಧವಾಗಿ, ಇನ್ನಾರನ್ನು ಇನ್ನೊಂದು ಅರ್ಧವಾಗಿ ಅಂಟಿಸುವುದು. ಅಂಟಿಸುವಾಗ ಎರಡು ಅರ್ಧಗಳು ಎದುರುಬದುರಾಗುವ ಕಡೆ ಅಂಟು ಹಚ್ಚದೆ ಒಂದೊಂದು ಕಡ್ಡಿ ಸಿಕ್ಕಿಸಿ ಬಿಗಿಯುತ್ತಾರೆ. ಹೀಗೆ ಮಾಡಿದರೆ ಉಳಿದ ಹತ್ತು ಕೀಲುಗಳು ಬಿಗಿಯಾಗಿ ಕೂತು ತಪ್ಪೆಲ್ಲ ಆ ಎರಡು ಸಂದುಗಳಿಗೆ ದೂಡಲ್ಪಡುತ್ತದೆ. ಆಮೇಲೆ ಸಮತಟ್ಟಾದ ಹಲಗೆಯ ಮೇಲೆ ಉಪ್ಪುಕಾಗದ ಅಂಟಿಸಿ ಅರ್ಧಬಳೆಯ ಎರಡು ತುದಿಗಳನ್ನು ಒಟ್ಟಿಗೆ ಉಜ್ಜಿದರೆ ಎರಡೂ ಒಂದೇ ಸಮಕ್ಕೆ ಬರುತ್ತವೆ. ಇದನ್ನು ಕಳ್ಳದಾರಿ ಎನ್ನುವವರಿದ್ದಾರೆ. ಸಾದಾ ಬಳೆಗೆ ಇದರಲ್ಲಿ ಯಾವ ದೋಷವೂ ಇಲ್ಲ. ವಜ್ರದ ಸಾಲಿನಂಥ ನಾಜೂಕು ಚಿತ್ತಾರದಲ್ಲಿ ಮಾತ್ರ ಉಜ್ಜಿಸಿಕೊಂಡ ತುಂಡುಗಳು ಉಳಿದವಕ್ಕಿಂತ ಗಿಡ್ಡಗಾಗಿ ಸಾಲು ತಪ್ಪುತ್ತದೆ. ಅಲ್ಲಿ ಬೆಣೆಯನ್ನೇ ತಿದ್ದುವುದು ಮೇಲು.

ಬಂಗಾಳ ಕೊಲ್ಲಿಯ ದಂಡೆಯಲ್ಲಿ ಕೂತು ಈ ಕೆಲಸ ಮಾಡುವವರು ಇನ್ನೊಬ್ಬ ಎದುರಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಗಾಳಿಯ ತೇವ. ಮರ ಎಳೆಯ ಉದ್ದಕ್ಕೆ ಕುಗ್ಗುವುದು ಹೆಚ್ಚೆಂದರೆ ಸಾವಿರಕ್ಕೆ ಒಂದೆರಡು ಪಾಲು. ಅಡ್ಡಕ್ಕೆ, ಹಸಿಯಿಂದ ಪೂರ್ತಿ ಒಣಗುವಾಗ, ನೂರಕ್ಕೆ ಐದರಿಂದ ಹತ್ತು ಪಾಲೂ ಕುಗ್ಗಬಹುದು. ಬಳೆಯ ತುಂಡಿನಲ್ಲಿ ಎಳೆ ಓಡುವುದು ಉದ್ದಕ್ಕೆ. ಎಂದರೆ ಒಣಗಿದಾಗ ಉದ್ದ ಹಾಗೇ ಇದ್ದು ಅಗಲ ಮಾತ್ರ ಇಳಿಯುತ್ತದೆ, ಅಗಲ ಇಳಿದಾಗ ತುದಿಯ ಓರೆ ಬದಲಾಗುತ್ತದೆ. ಅಗಲ ನೂರಕ್ಕೆ ಒಂದು ಪಾಲು ಕುಗ್ಗಿದರೆ 15 ಡಿಗ್ರಿ 15.14 ಆಗುತ್ತದೆ. ಗರಗಸದಲ್ಲಿ ಹತ್ತರಲ್ಲೊಂದು ಡಿಗ್ರಿಗೆ ಒದ್ದಾಡಿದವರ ಕೆಲಸವನ್ನು ಹವೆ ಒಂದು ವಾರದಲ್ಲಿ ಕೆಡಿಸಬಲ್ಲದು. ವಿಶಾಖಪಟ್ಟಣದ ಮಳೆಗಾಲದಲ್ಲಿ ಕೊಯ್ದ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಯ ಬೇಸಿಗೆಗೆ ತಂದು ಜೋಡಿಸಿದರೆ ಒಳಗಡೆಯ ಸಂದುಗಳೆಲ್ಲ ಬಾಯಿಬಿಡುತ್ತವೆ. ಅದಕ್ಕೇ ಕೊಯ್ದ ದಿನವೇ ಅಂಟಿಸುವುದು ರೂಢಿ. ಭಾರತೀಯ ಮಾನಕ 287 ಕಟ್ಟಿಗೆಯಲ್ಲಿ ಎಷ್ಟು ತೇವ ಇರಬಹುದೆಂದು ಹೇಳುವಾಗ ಇಡೀ ದೇಶಕ್ಕೆ ಒಂದೇ ಅಂಕಿ ಕೊಡದೆ ನಾಲ್ಕು ವಲಯ ಮಾಡಿರುವುದಕ್ಕೂ ಕಾರಣ ಇದೇ ಹವೆ. ಕೊಂಡಪಲ್ಲಿಯವರು ಪೊಣಿಕಿ ಮರವನ್ನು ಹದವಾದ ಬಿಸಿಗೆ ಹಿಡಿದು ಒಣಗಿಸಿದ ಮೇಲಷ್ಟೇ ಕೆತ್ತಲು ಕೂರುತ್ತಾರೆ; ಪುಸ್ತಕ ಓದಿ ಅವರು ಅದನ್ನು ಕಲಿತದ್ದಲ್ಲ.

ಬಟ್ಟಲಿನ ತಳದಲ್ಲಿ ಹೊಸಬರೆಲ್ಲ ಒಮ್ಮೆ ಎಡವುತ್ತಾರೆ. ಸುತ್ತಿನ ಬಳೆ ಎಳೆಯುದ್ದಕ್ಕೆ ಸುತ್ತಿಕೊಂಡಿರುವುದರಿಂದ ಅದರ ಸುತ್ತಳತೆ ಬದಲಾಗದು. ಅದರ ಕೆಳಗೆ ಅಗಲವಾದ ಒಂದೇ ಹಲಗೆಯ ತಳ ಅಂಟಿಸಿದರೆ ಆ ಹಲಗೆ ಮಳೆಗಾಲಕ್ಕೆ ಅಡ್ಡಕ್ಕೆ ಉಬ್ಬುತ್ತದೆ, ಬಳೆ ಜಗ್ಗುವುದಿಲ್ಲ. ಕೀಲು ಒಡೆಯುವುದು ಆಗಲೇ. ತಳವನ್ನು ಚಿಕ್ಕದಾಗಿ ಇಡಬೇಕು, ಇಲ್ಲವೇ ಬಳೆಯೊಳಗೆ ತೋಡು ಕೊರೆದು ಅಂಟಿಲ್ಲದೆ ಸಡಿಲವಾಗಿ ಕೂರಿಸಬೇಕು.

ಮೈ ನೇರವಾಗಿ ನಿಲ್ಲದೆ ಹೂವಿನಂತೆ ಹೊರಕ್ಕೆ ಬಾಗುವ ಪಾತ್ರೆಯನ್ನು ನಿಲುವು ಪಟ್ಟಿಗಳಿಂದ ಕಟ್ಟುವುದಾದರೆ ಲೆಕ್ಕ ಇನ್ನೊಂದು ಮೆಟ್ಟಿಲು ಏರುತ್ತದೆ. ಹನ್ನೆರಡು ಪಟ್ಟಿ, ಲಂಬದಿಂದ 30 ಡಿಗ್ರಿ ಹೊರವಾಲು ಎಂದಾದರೆ ಅಲಗನ್ನು ಸುಮಾರು 13 ಡಿಗ್ರಿ ವಾಲಿಸಿ, ಪಟ್ಟಿಯನ್ನೂ 7.6 ಡಿಗ್ರಿ ಓರೆಯಾಗಿಟ್ಟು ಕೊಯ್ಯಬೇಕು. ಎರಡೂ ಒಟ್ಟಿಗೆ ಸರಿ ಬರಬೇಕು, ಇಲ್ಲಿ ಬೆಣೆಯ ಉಪಾಯ ಪೂರ್ತಿ ನಡೆಯದು. ಮರದ ಚೂರುಗಳಲ್ಲಿ ಒಂದು ಪೂರ್ತಿ ಸುತ್ತು ಕಟ್ಟಿ ನೋಡಿದ ಮೇಲೆಯೇ ಬೆಲೆಯುಳ್ಳ ಮರಕ್ಕೆ ಗರಗಸ ಮುಟ್ಟಿಸುವುದು ಜಾಣತನ. ಇಂಥ ಯಂತ್ರಗೆಲಸ ಕಲಿಯುವ ಮನಸ್ಸಿದ್ದವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ್ದು, ಈಗ ಅದರಲ್ಲಿ ಮರಗೆಲಸದ ತರಬೇತಿ ಕೇಂದ್ರವೂ ನಡೆಯುತ್ತದೆ.

ಏಟಿಕೊಪ್ಪಾಕದ ಅರಗನ್ನು ಇಂಥ ಬಟ್ಟಲಿಗೆ ಹಚ್ಚಬಹುದೇ ಎಂಬ ಆಸೆ ಸಹಜ. ಅಲ್ಲೊಂದು ತೊಡಕಿದೆ. ಬಡಗಿಗಳೆಲ್ಲ ಬಳಸುವ ಬಿಳಿ ಅಂಟು ಬಿಸಿ ತಾಗಿದರೆ ಮೆತ್ತಗಾಗುವ ಜಾತಿಯದು. ಅರಗಿನ ಕಡ್ಡಿ ಕರಗಬೇಕಾದರೆ ಉಜ್ಜಿ ಬಿಸಿ ಎಬ್ಬಿಸಲೇಬೇಕು. ಒಂದೇ ಕೊಂಬೆಯ ಬುಗುರಿಗೆ ಆ ಬಿಸಿ ಏನೂ ಮಾಡದು, ಹನ್ನೆರಡು ಕೀಲಿನ ಬಳೆಗೆ ಅಪಾಯ. ಹಾಗಾಗಿ ಅರಗಿನ ಬಣ್ಣವನ್ನು ಇಡೀ ಕೊಂಬೆಯಿಂದ ಕಡೆದ ಪಾದಕ್ಕೋ ಮುಚ್ಚಳದ ಗುಬ್ಬಿಗೋ ಮೀಸಲಿಟ್ಟು, ಅವನ್ನು ಕೊನೆಗೆ ಕೂಡಿಸುವುದು ಕ್ಷೇಮ. ಬಟ್ಟಲಿನ ಮೈಗೆ ಅದೇ ಅರಗಿನ ಶುದ್ಧ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತಣ್ಣಗೆ ಒರೆಸಬಹುದು. ಎರಡು ಮೂರು ತೆಳು ಲೇಪ ಸಾಕು. ದಪ್ಪ ಬಳಿದರೆ ಬೀಟೆಯ ಎಳೆ ಮಸುಕಾಗುತ್ತದೆ.